ಊರಿನ ಬೆಳೆ, ಬೆಂಗಳೂರಿನ ಗಿರಾಕಿ: ರೈತ ಗುಂಪುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಗಡಿ, ಕನಕಪುರ, ದೊಡ್ಡಬಳ್ಳಾಪುರ, ಕೋಲಾರ, ಗೌರಿಬಿದನೂರು ಕಡೆಯ ಸ್ವಸಹಾಯ ಸಂಘಗಳು ಮತ್ತು ರೈತ ಗುಂಪುಗಳ ಜೊತೆ ಬೆಂಗಳೂರಿನಲ್ಲಿದ್ದುಕೊಂಡು ಕೆಲಸ ಮಾಡುವ ಚಿಕ್ಕ ತಂಡ ನಮ್ಮದು. ಬೆಳೆದದ್ದನ್ನು ತಿನಿಸಾಗಿ ಮಾಡಿ ಮಾರುವುದು ಹೇಗೆ ಎಂದು ಕೇಳಿ ದಿನವೂ ಫೋನ್ ಬರುತ್ತದೆ. ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಬಾಯಿ ಒಣಗಿದ ಮೇಲೆ ಇದನ್ನು ಬರೆದಿಡುತ್ತಿದ್ದೇವೆ. ಎಲ್ಲ ಉತ್ತರಗಳೂ ನಿಮಗೆ ಹಿಡಿಸಲಿಕ್ಕಿಲ್ಲ.

ನಮ್ಮೂರಿನಲ್ಲಿ ಏನು ಮಾಡಿದರೆ ಚೆನ್ನಾಗಿ ಹೋಗುತ್ತದೆ?

ನಿಮ್ಮೂರಿಗೆ ಬಂದ ನೆಂಟರು ಹೊರಡುವಾಗ ಏನನ್ನು ಕೇಳಿ ಕಟ್ಟಿಸಿಕೊಂಡು ಹೋಗುತ್ತಾರೆ? ಅಲ್ಲಿಂದ ಶುರು ಮಾಡಿ. ಹುರಿಹಿಟ್ಟು, ಹಪ್ಪಳ, ಹುಣಸೆ ತೊಕ್ಕು, ಹುರುಳಿ ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ, ಏನೇ ಇರಲಿ. ಅದರ ಹದ ಗೊತ್ತಿರುವ ಕೈಗಳು ಊರಿನಲ್ಲಿ ಆಗಲೇ ಇವೆ. ಮೊಬೈಲ್‌ನಲ್ಲಿ ನೋಡಿದ ಚಾಕೊಲೇಟ್ ಬಾರನ್ನೋ ಪಾಸ್ತಾವನ್ನೋ ಕಲಿತು ಮಾರಲು ಹೊರಟರೆ, ಅದನ್ನು ಹತ್ತು ವರ್ಷದಿಂದ ಮಾಡುತ್ತಿರುವ ಕಾರ್ಖಾನೆಯ ಎದುರು ನಿಲ್ಲಬೇಕಾಗುತ್ತದೆ.

ಬೆಂಗಳೂರಿನವರಿಗೆ ಹಳ್ಳಿಯ ತಿಂಡಿ ಬೇಡ ಎಂಬ ಅಂಜಿಕೆಯನ್ನು ಬಿಡಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬಂದು ನೋಡಿ. ಚಳಿಗಾಲದಲ್ಲಿ ನಡೆಯುವ ಅವರೆ ಮೇಳದಲ್ಲಿ ಹಿತಕಿದ ಬೇಳೆಯನ್ನು ದೋಸೆ, ರೊಟ್ಟಿ, ಸಾರು ಮಾತ್ರವಲ್ಲ, ಜಿಲೇಬಿಗೂ ಸೇರಿಸುತ್ತಾರೆ. ಅವರೆಯ ಜಿಲೇಬಿ ನಮ್ಮ ತಂಡದಲ್ಲಿ ಎಲ್ಲರಿಗೂ ಒಗ್ಗಿಲ್ಲ, ಆದರೆ ಗಿರಾಕಿಗಳ ಸಾಲಂತೂ ಕರಗುವುದಿಲ್ಲ.

ಟೊಮೆಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ಬದಲು ಸಾಸ್ ಮಾಡಿದರೆ ಆಗದೇ?

ಕೋಲಾರದ ಕಡೆಯಿಂದ ಪ್ರತಿ ವರ್ಷ ಬರುವ ಪ್ರಶ್ನೆ. ಹೊಟ್ಟೆ ಉರಿಯುವುದು ನಮಗೂ ಅರ್ಥವಾಗುತ್ತದೆ. ಆದರೆ ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಭಾಗ ನೀರು. ನಮ್ಮ ರೈತರು ಬೆಳೆಯುವುದು ದೂರದ ಮಾರುಕಟ್ಟೆಯವರೆಗೆ ಲಾರಿಯಲ್ಲಿ ಕೆಡದೆ ಹೋಗುವ ಗಟ್ಟಿ ಸಿಪ್ಪೆಯ ತಳಿಗಳನ್ನು. ಸಾಸ್ ಕಾರ್ಖಾನೆಗೆ ಬೇಕಾದದ್ದು ತಿರುಳು ಮಂದವಾಗಿರುವ, ಬಣ್ಣ ಕಡುವಾಗಿರುವ ಬೇರೆ ತಳಿ. ಒಲೆಯ ಮೇಲೆ ಕುದಿಸಿ ನೀರು ಇಂಗಿಸಲು ಹೊರಟರೆ ಲಾಭವೆಲ್ಲ ಸೌದೆ, ಗ್ಯಾಸಿಗೆ ಹೋಗುತ್ತದೆ. 100 ಕಿಲೋ ಹಣ್ಣನ್ನು ಒಣಗಿಸಿದರೆ ಕೈಗೆ ಸಿಗುವುದು 6 ಕಿಲೋ ಆಸುಪಾಸು.

ಬೆಲೆ ಬಿದ್ದ ವಾರದಲ್ಲಿ ಮಾತ್ರ ನಡೆಯುವ ಘಟಕ ಉಳಿದ ವಾರಗಳಲ್ಲಿ ಬಾಗಿಲು ಹಾಕಿರುತ್ತದೆ, ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಮಾಡಲೇಬೇಕೆಂದಿದ್ದರೆ ಟೊಮೆಟೊ ತೊಕ್ಕು ಅಥವಾ ಗೊಜ್ಜಿನ ಪೇಸ್ಟ್ ಮಾಡಿ. ಹುಣಸೆ, ಬೆಲ್ಲ, ಖಾರ, ಎಣ್ಣೆ ಸೇರುವುದರಿಂದ ಕಡಿಮೆ ಹಣ್ಣಿಗೆ ಹೆಚ್ಚು ಬೆಲೆ ಸಿಗುತ್ತದೆ. ಕುಸಿದ ಬೆಲೆಗೆ ಇದು ಮದ್ದಲ್ಲ ಎಂದು ತಿಳಿದೇ ಮಾಡಿ.

ರಾಗಿಯಿಂದಲೇ ಶುರು ಮಾಡಿ ಎಂದು ಯಾಕೆ ಹೇಳುತ್ತೀರಿ?

ಸಾಮೆ, ನವಣೆ, ಹಾರಕಗಳಿಗೆ ಬಿಡಿಸಲೇಬೇಕಾದ ಹೊಟ್ಟಿದೆ, ಅದಕ್ಕೆ ಯಂತ್ರ ಬೇಕು. ರಾಗಿಯ ಹೊಟ್ಟು ಕಣದಲ್ಲೇ ಉದುರಿಹೋಗುತ್ತದೆ. ಒಂದು ಜರಡಿ, ಒಂದು ಬಾಣಲೆ, ಊರಿನ ಹಿಟ್ಟಿನ ಗಿರಣಿ, ಇಷ್ಟಿದ್ದರೆ ಮೊದಲ ನೂರು ಪೊಟ್ಟಣ ಮಾಡಬಹುದು. ಜೊತೆಗೆ ರಾಗಿ ಬೇಗ ಕೆಡುವ ಧಾನ್ಯವಲ್ಲ. ಸಜ್ಜೆ ಹಿಟ್ಟಿನಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಹೊಟ್ಟು ಬಿಡಿಸಿದ ಸಾಮೆ ಅಕ್ಕಿಯೂ ಹೊಟ್ಟಿನೊಳಗಿದ್ದಷ್ಟು ಕಾಲ ಬಾಳುವುದಿಲ್ಲ.

ಹುರಿಹಿಟ್ಟಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಎಡವಿದ್ದು ನಾವೇ. ರಾಗಿಗೆ ನೀರೋ ಮಜ್ಜಿಗೆಯೋ ಚಿಮುಕಿಸಿ, ಬಟ್ಟೆ ಮುಚ್ಚಿ ರಾತ್ರಿ ಬಿಟ್ಟು, ಬೆಳಗ್ಗೆ ಕಾದ ಮರಳಿನಲ್ಲಿ ಹುರಿದರೆ ಬಿಳಿಯ ಅರಳು ಸಿಡಿಯುತ್ತದೆ. ತೇವ ಕಡಿಮೆಯಾದರೆ ಕಾಳು ಸೀಯುತ್ತದೆ, ಹೆಚ್ಚಾದರೆ ಅರಳುವುದೇ ಇಲ್ಲ. ಅಜ್ಜಿಯಂದಿರು ಕೈಯಲ್ಲಿ ಹಿಡಿದು ಮುಷ್ಟಿ ಬಿಗಿದು ನೋಡಿ ಹೇಳುತ್ತಾರೆ. ನಮ್ಮ ಮೊದಲ ಬಾರಿಯ ಹಿಟ್ಟು ಘಮಘಮ ಎನ್ನುತ್ತಿತ್ತು. ಜಯನಗರದ ಗಿರಾಕಿಯೊಬ್ಬರು ಮೂರನೆಯ ದಿನ ಫೋನ್ ಮಾಡಿ, ಹಲ್ಲಿಗೆ ಮರಳು ಸಿಗುತ್ತಿದೆ ಎಂದರು. ಮನೆಯವರಿಗೆ ಮಾಡುವಾಗ ಯಾರೂ ಹೇಳದ ಮಾತು ಅದು. ಅಂದಿನಿಂದ ಅರಳನ್ನು ಎರಡು ಅಳತೆಯ ಜರಡಿಯಲ್ಲಿ ಜಾಲಿಸುತ್ತೇವೆ. ಪ್ರತಿ ಬಾರಿ ಬೀಸಿದ ಹಿಟ್ಟಿನಿಂದ ಒಂದು ಚಮಚವನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಬಿಟ್ಟರೆ, ಮರಳಿದ್ದಲ್ಲಿ ಅದು ಮೊದಲು ತಳ ಸೇರಿ ಕಿರ್ ಎನ್ನುತ್ತದೆ.

ಮೊಳಕೆ ರಾಗಿಯ ಮಾಲ್ಟ್ ಇನ್ನೊಂದು ದಾರಿ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುವುದು. ಹುಳಿ ವಾಸನೆ ಬಂದ ಗಂಟನ್ನು ದನಕ್ಕೆ ಹಾಕಿ, ಗಿರಾಕಿಗಲ್ಲ. ಒಂದು ಎಚ್ಚರಿಕೆ: ಪೊಟ್ಟಣದ ಮೇಲೆ ಮಗುವಿನ ಚಿತ್ರ ಹಾಕಿ ಶಿಶು ಆಹಾರ ಎಂದು ಬರೆಯಬೇಡಿ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಬೇರೆಯೇ, ಬಹಳ ಬಿಗಿಯಾದ ನಿಯಮಗಳಿವೆ. ರಾಗಿ ಮಾಲ್ಟ್ ಎಂದರೆ ಸಾಕು, ಯಾರಿಗೆ ಕೊಡಬೇಕೆಂದು ತಾಯಂದಿರಿಗೆ ಗೊತ್ತು.

ಹಲಸು ನಮ್ಮಲ್ಲಿ ಕೊಳೆತು ಹೋಗುತ್ತಿದೆ. ಏನು ಮಾಡಬಹುದು?

ಹಪ್ಪಳ, ಚಿಪ್ಸ್, ಬೀಜದ ಹಿಟ್ಟು, ಮಾಂಬಳದಂತೆ ಒಣಗಿಸಿದ ಹಣ್ಣಿನ ಹಾಳೆ. ದೊಡ್ಡಬಳ್ಳಾಪುರದ ತೂಬಗೆರೆ ಸುತ್ತಿನ, ತುಮಕೂರು ಸೀಮೆಯ ಹಲಸಿಗೆ ಬೆಂಗಳೂರಿನಲ್ಲಿ ಹೆಸರಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತುಮಕೂರು ಜಿಲ್ಲೆಯ ರೈತರ ಮರಗಳಿಂದಲೇ ‘ಸಿದ್ದು’, ‘ಶಂಕರ’ ಎಂಬ ಕೆಂಪು ತೊಳೆಯ ತಳಿಗಳನ್ನು ಗುರುತಿಸಿದೆ.

ತೊಂದರೆ ಇರುವುದು ಮಳೆಯಲ್ಲಿ. ಹಪ್ಪಳಕ್ಕೆ ಬೇಕಾದ ಬಲಿತ ಕಾಯಿ ಸಿಗುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ನಾವು ಕಂಡ ಒಂದು ಗುಂಪು ತೊಳೆಯನ್ನು ಹಬೆಯಲ್ಲಿ ಬೇಯಿಸಿ, ರುಬ್ಬಿ, ಉಪ್ಪು ಖಾರ ಹಾಕಿ, ನಾನ್ನೂರು ಹಪ್ಪಳ ಒತ್ತಿ ಚಾಪೆಯ ಮೇಲೆ ಹರಡಿತ್ತು. ಮಧ್ಯಾಹ್ನ ಮೂರಕ್ಕೆ ಮೋಡ ಕವಿಯಿತು. ಒಳಗೆ ತಂದು ಫ್ಯಾನ್ ಹಾಕಿದರು. ಬೆಳಗ್ಗೆ ನೋಡಿದರೆ ಅಂಚು ಗರಿಗರಿ, ನಡುವೆ ಬೂಸಲು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕುವಾಗ ಯಾರೂ ಮಾತಾಡಲಿಲ್ಲ. ಆದ್ದರಿಂದ ಹಲಸಿಗೆ ಇಳಿಯುವವರು ಮೊದಲು ಒಣಗಿಸುವ ವ್ಯವಸ್ಥೆ ಮಾಡಿಕೊಳ್ಳಿ. ಸೌರ ಒಣಗುಗೂಡಿಗೂ ಬಿಸಿಲು ಬೇಕು, ಮೋಡದ ದಿನಕ್ಕೆ ವಿದ್ಯುತ್ತಿನದೋ ಸೌದೆಯದೋ ಬದಲಿ ಶಾಖವಿರುವ ಗೂಡನ್ನೇ ಆರಿಸಿ.

ಕಡಲೆಕಾಯಿ ಚಟ್ನಿಪುಡಿಗೆ ಆರಿಸಿ ಬಿಟ್ಟ ಬೀಜ ಹಾಕಬಹುದೇ?

ಖಂಡಿತ ಬೇಡ. ಬೂಸಲು ಹಿಡಿದ, ಸುಕ್ಕಾದ, ಬಣ್ಣ ಕೆಟ್ಟ ಬೀಜಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಮಾರಕ. ಮನೆಯ ಹುರಿಯುವ ಶಾಖಕ್ಕೆ ಅದು ಹೋಗುವುದಿಲ್ಲ, ಬೆಳ್ಳುಳ್ಳಿ ಖಾರದ ಘಾಟಿನಲ್ಲಿ ರುಚಿಯೂ ತಿಳಿಯುವುದಿಲ್ಲ. ಆರಿಸಿ ತೆಗೆದದ್ದನ್ನು ಪುಡಿಗೆ ಹಾಕುವುದು ಹಳೆಯ ಅಭ್ಯಾಸ, ಆ ಅಭ್ಯಾಸ ಹೋಗಲಿ. ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ.

ರಾಗಿ, ಜೋಳದಂಥ ಕಾಳು ಸಾಕಷ್ಟು ಒಣಗಿದೆಯೇ ಎಂದು ತಿಳಿಯಲು ಯಂತ್ರವಿಲ್ಲದಿದ್ದರೆ ಹೀಗೆ ಮಾಡಿ. ಚೆನ್ನಾಗಿ ಒಣಗಿದ ಗಾಜಿನ ಸೀಸೆಗೆ ಕಾಲು ಭಾಗ ಕಾಳು, ಎರಡು ಚಮಚ ಹುರಿದ ಪುಡಿ ಉಪ್ಪು ಹಾಕಿ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ತೇವವಿದೆ, ಮತ್ತೆ ಬಿಸಿಲಿಗೆ ಹಾಕಿ. ಕಡಲೆಕಾಯಿ ಬೀಜಕ್ಕೆ ಈ ಪರೀಕ್ಷೆ ಸಾಲದು, ಅದು ಇನ್ನೂ ಹೆಚ್ಚು ಒಣಗಿರಬೇಕು.

ಉಪ್ಪಿನಕಾಯಿ ನಮ್ಮ ಮನೆಯಲ್ಲಿ ಎರಡು ವರ್ಷ ಇರುತ್ತದೆ. ಪೊಟ್ಟಣದ ಮೇಲೂ ಹಾಗೇ ಬರೆಯಬಹುದೇ?

ನಿಮ್ಮ ಮನೆಯ ಜಾಡಿಗೆ ಒಣಗಿದ ಸೌಟು ಮಾತ್ರ ಹೋಗುತ್ತದೆ. ಗಿರಾಕಿಯ ಮನೆಯಲ್ಲಿ ಮೊಸರನ್ನದ ಚಮಚ ಹೋಗುತ್ತದೆ. ಅದೇ ವ್ಯತ್ಯಾಸ.

ಮಾವು, ನಿಂಬೆ, ಹುಣಸೆಗೆ ಹುಳಿಯ ಕಾವಲಿದೆ. ಹುಳಿಯನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು, 4.6 ಎಂಬುದು ಗಡಿ. ಅದಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿ, ಅಣಬೆಗಳಿಗೆ ಆ ಹುಳಿಯಿಲ್ಲ, ಮೇಲಿನ ಎಣ್ಣೆ ಗಾಳಿಯನ್ನು ತಡೆದು ಆ ಬ್ಯಾಕ್ಟೀರಿಯಾಕ್ಕೇ ಅನುಕೂಲ ಮಾಡಿಕೊಡುತ್ತದೆ. ನಿಂಬೆರಸವನ್ನೋ ವಿನೆಗರನ್ನೋ ಸೇರಿಸಿ ಅಳೆದು ನೋಡದೆ ಅಂಥದ್ದನ್ನು ಮಾರಬೇಡಿ. ಜಾಮ್ ಮಾಡುವವರು ಸಕ್ಕರೆಯ ಅಂಶ ಅಳೆಯುವ ರಿಫ್ರಾಕ್ಟೋಮೀಟರ್ ಎಂಬ ಕೈದುರ್ಬೀನು ಇಟ್ಟುಕೊಳ್ಳಿ. ಕರಗಿದ ಘನಾಂಶ 65 ಪ್ರತಿಶತಕ್ಕೆ ಬರುವವರೆಗೆ ಕುದಿಸಬೇಕು. ಎರಡು ಉಪಕರಣಗಳೂ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ.

ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅಂದಾಜಿನಲ್ಲಿ ಬರೆಯಬೇಡಿ. ಪ್ರತಿ ಬಾರಿಯ ತಯಾರಿಕೆಯಿಂದ ಹತ್ತು ಪೊಟ್ಟಣ ಎತ್ತಿಟ್ಟು, ಹದಿನೈದು ದಿನಕ್ಕೊಂದನ್ನು ಒಡೆದು ಮೂಸಿ, ತಿಂದು, ಪುಸ್ತಕದಲ್ಲಿ ಬರೆಯಿರಿ. ಕಮಟು ಬಂದ ದಿನಕ್ಕಿಂತ ಬಹಳ ಮೊದಲೇ ನಿಮ್ಮ ಗಡುವು ಇರಲಿ. ಆಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ.

ಮೊದಲು ಯಾವ ಯಂತ್ರ ಕೊಳ್ಳಬೇಕು?

ತೂಕದ ಯಂತ್ರ. ನಗಬೇಡಿ. ನಮ್ಮ ಜೊತೆಗಿದ್ದ ಒಂದು ಗುಂಪಿನ 200 ಗ್ರಾಂ ಹಪ್ಪಳದ ಪೊಟ್ಟಣಗಳನ್ನು ತೂಗಿದಾಗ ಒಂದು 180 ಇತ್ತು, ಇನ್ನೊಂದು 230. ಕಡಿಮೆ ಇದ್ದದ್ದು ಕಾನೂನಿನ ತಪ್ಪು, ಹೆಚ್ಚಿದ್ದದ್ದು ಮನೆಯ ನಷ್ಟ. ಎರಡನೆಯದು ಪೊಟ್ಟಣದ ಬಾಯಿ ಮುಚ್ಚುವ ಸೀಲರ್. ಉಳಿದದ್ದೆಲ್ಲ ಬಾಡಿಗೆಗೋ ಊರಿನ ಗಿರಣಿಯಲ್ಲೋ ಆಗಲಿ. ಸಬ್ಸಿಡಿ ಸಿಗುತ್ತದೆ ಎಂದು ತಂದ ಯಂತ್ರಗಳ ಮೇಲೆ ಕೋಳಿ ಮಲಗುವುದನ್ನು ನಾವು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ನೋಡಿದ್ದೇವೆ.

ಮನೆಯಲ್ಲಿ ಮಾಡುವುದಕ್ಕೂ ಪರವಾನಗಿ ಬೇಕೇ?

ಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮಾರುವ ಆಹಾರ ತಯಾರಿಸುವ ಎಲ್ಲರೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ 100 ರೂಪಾಯಿ ವಾರ್ಷಿಕ ಶುಲ್ಕದ ಸರಳ ನೋಂದಣಿ ಎಂಬುದು ಬಹುಕಾಲ ಇದ್ದ ಕ್ರಮ. ಮಿತಿ ಮತ್ತು ಶುಲ್ಕಗಳನ್ನು ಆಗಾಗ ಪರಿಷ್ಕರಿಸುತ್ತಾರೆ, ಅರ್ಜಿ ಹಾಕುವ ದಿನ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ನೀವೇ ಹಾಕಬಹುದಾದ ಅರ್ಜಿ ಇದು. ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಕೈಮುಗಿದು ಕಳಿಸಿ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಯೂ ಉಚಿತ. ಪೊಟ್ಟಣ ಕಟ್ಟಿ ಮಾರುವವರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ನೋಂದಣಿ ಪ್ರತ್ಯೇಕ, ಇದನ್ನು ಎಲ್ಲರೂ ಮರೆಯುತ್ತಾರೆ.

ಲೇಬಲ್ ಕನ್ನಡದಲ್ಲಿ ಮಾತ್ರ ಇದ್ದರೆ ಸಾಕೇ?

ಸಾಲದು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಕರ್ನಾಟಕದಲ್ಲಿ ತಯಾರಾದ ವಸ್ತುವಿನ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಎರಡನ್ನೂ ಹಾಕಿ.

ಹೆಸರು, ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಪದಾರ್ಥಗಳು, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ದಿನ, ಗಡುವು, ಬ್ಯಾಚ್ ಸಂಖ್ಯೆ, ವಿಳಾಸ, ದೂರಿಗೆ ಫೋನ್, ಸಸ್ಯಾಹಾರದ ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಪೋಷಕಾಂಶ ವಿವರ. ಕಡಲೆಕಾಯಿ, ಗೋಧಿ, ಹಾಲು ಇದ್ದರೆ ಅಲರ್ಜಿಯ ಸೂಚನೆ. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’ ಎಂದು ಬರೆದರೆ ದಂಡ ಖಚಿತ. ಪ್ರಮಾಣಪತ್ರವಿಲ್ಲದೆ ಸಾವಯವದ ಲಾಂಛನವನ್ನೂ ಮುದ್ರಿಸಬೇಡಿ. ಮೊದಲ ಬಾರಿಗೆ ಹತ್ತು ಸಾವಿರ ಪೊಟ್ಟಣ ಅಚ್ಚು ಹಾಕಿಸಬೇಡಿ. ಒಂದು ಅಕ್ಷರ ತಪ್ಪಿದರೂ ಅಷ್ಟೂ ರದ್ದಿ. ಸಾದಾ ಪೊಟ್ಟಣ, ಅಂಟಿಸುವ ಚೀಟಿ ಸಾಕು.

ಬೆಲೆ ಹೇಗೆ ಕಟ್ಟುವುದು?

ಲೆಕ್ಕ ತೋರಿಸಲೆಂದು ಒಂದು ಕಾಲ್ಪನಿಕ ಉದಾಹರಣೆ. 10 ಕಿಲೋ ರಾಗಿ, ಕಿಲೋಗೆ 40ರಂತೆ 400 ರೂಪಾಯಿ. ಹುರಿದು ಬೀಸಿದ ಮೇಲೆ 9 ಕಿಲೋ ಹಿಟ್ಟು, ಅಂದರೆ ಅರ್ಧ ಕಿಲೋದ 18 ಪೊಟ್ಟಣ. ಸೌದೆ 60, ಗಿರಣಿ 50, ಪೊಟ್ಟಣ ಮತ್ತು ಚೀಟಿ 126, ಬೆಂಗಳೂರಿಗೆ ಸಾಗಣೆ 100. ಮೊತ್ತ 736, ಪೊಟ್ಟಣಕ್ಕೆ 41 ರೂಪಾಯಿ. 100 ರೂಪಾಯಿ ಮುಖಬೆಲೆಯಲ್ಲಿ ಅಂಗಡಿಯವರು 25 ಇಟ್ಟುಕೊಂಡು 75 ಕೊಟ್ಟರೆ ಉಳಿಕೆ 34. ಸಂಘದ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ.

ಈಗ ಇಬ್ಬರು ಹೆಂಗಸರ ಅರ್ಧ ಅರ್ಧ ದಿನದ ಕೂಲಿ 450 ಸೇರಿಸಿ. ಮೊತ್ತ 1186, ಪೊಟ್ಟಣಕ್ಕೆ 66. ಉಳಿಕೆ ಒಂಬತ್ತೇ ರೂಪಾಯಿ. ಮರಳಿ ಬಂದ ಪೊಟ್ಟಣ, ರುಚಿಗೆ ಕೊಟ್ಟದ್ದು, ಬಾಕಿ ನಿಂತ ಹಣ, ಎಲ್ಲವೂ ಆ ಒಂಬತ್ತರಲ್ಲೇ ಆಗಬೇಕು. ‘ನಮ್ಮ ಕೂಲಿ ಏನು ಲೆಕ್ಕ ಬಿಡಿ ಸಾರ್’ ಎಂದು ಹೆಂಗಸರೇ ಹೇಳುತ್ತಾರೆ. ಬಿಡಬೇಡಿ. ಆ ಕೂಲಿ ಲೆಕ್ಕಕ್ಕೆ ಬರದೆ ನಡೆದ ಗುಂಪುಗಳು ಎರಡನೆಯ ದೀಪಾವಳಿಗೆ ಉಳಿದದ್ದನ್ನು ನಾವು ಕಂಡಿಲ್ಲ.

ಬೆಂಗಳೂರಿನಲ್ಲಿ ಎಲ್ಲಿ ಮಾರುವುದು?

ಮೊದಲು ಬೆಂಗಳೂರಿಗೆ ಬರಲೇಬೇಡಿ. ನಿಮ್ಮ ಹೋಬಳಿಯ ಸಂತೆ, ಬಸ್ ನಿಲ್ದಾಣದ ಅಂಗಡಿ, ಹೆದ್ದಾರಿಯ ಹೋಟೆಲು. ಅಲ್ಲಿ ಎರಡನೆಯ ಸಲ ಕೇಳಿ ಕೊಂಡವರಿದ್ದರೆ ಮುಂದಿನ ಬಸ್ ಹತ್ತಿ.

ಇಲ್ಲಿ ಅಪಾರ್ಟ್‌ಮೆಂಟುಗಳ ಭಾನುವಾರದ ಸಂತೆ ಒಳ್ಳೆಯ ಶಾಲೆ. ಹಣ ಕೈಗೆ ಬರುತ್ತದೆ, ದೂರು ಕಿವಿಗೆ ಬೀಳುತ್ತದೆ. ನವೆಂಬರ್ ಸುಮಾರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳ, ಸ್ವಸಹಾಯ ಸಂಘಗಳ ಸರಸ್ ಮೇಳ, ಸರ್ಕಾರದ ಸಿರಿಧಾನ್ಯ ಮೇಳಗಳಲ್ಲಿ ಮಳಿಗೆಗೆ ಮೊದಲೇ ಅರ್ಜಿ ಹಾಕಿ. ಮೇಳದ ವ್ಯಾಪಾರ ನೋಡಿ ಮೈಮರೆಯಬೇಡಿ, ಮೂರು ದಿನದ ಜಾತ್ರೆ ಮುಗಿದ ಮೇಲೆ ಎಷ್ಟು ಜನ ಫೋನ್ ಮಾಡಿದರು ಎಂಬುದೇ ನಿಜವಾದ ಲೆಕ್ಕ.

ದೊಡ್ಡ ಅಂಗಡಿಗಳು ಆಸೆ ಹುಟ್ಟಿಸುತ್ತವೆ. ಒಂದು ಕಡೆ ನಾವೇ ಮುಂದೆ ನಿಂತು ಐನೂರು ಪೊಟ್ಟಣ ಕೊಡಿಸಿದೆವು. ಹಣ ಬಂದದ್ದು ನಾಲ್ಕು ತಿಂಗಳ ಮೇಲೆ, ಅದರ ಜೊತೆಗೆ ಗಡುವು ಮುಗಿದ ನೂರಾ ಎಂಬತ್ತು ಪೊಟ್ಟಣಗಳೂ ಬಂದವು. ಮರಳಿಸುವ ಷರತ್ತು, ಹಣ ಕೊಡುವ ದಿನ, ಎರಡನ್ನೂ ಬರಹದಲ್ಲಿ ಪಡೆಯದೆ ಸರಕು ಇಳಿಸಬೇಡಿ.

ಸಬ್ಸಿಡಿ ಎಷ್ಟು ಸಿಗುತ್ತದೆ?

ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚದ 35 ಪ್ರತಿಶತ, ಗರಿಷ್ಠ 10 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ 15 ಪ್ರತಿಶತ ಸೇರಿಸಿ ಅದನ್ನು 50 ಪ್ರತಿಶತಕ್ಕೆ, 15 ಲಕ್ಷದವರೆಗೆ ಏರಿಸಿತು. ಸ್ವಸಹಾಯ ಸಂಘದ ಸದಸ್ಯರಿಗೆ ಬೀಜಧನವೆಂದು ತಲಾ 40 ಸಾವಿರದವರೆಗೆ ಪ್ರತ್ಯೇಕ ಅವಕಾಶವಿದೆ. ರಾಜ್ಯದಲ್ಲಿ ಇದರ ಹೊಣೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತು ನೋಡಿಕೊಳ್ಳುವ ಸರ್ಕಾರದ ಕೆಪೆಕ್ ನಿಗಮದ್ದು. ಯೋಜನೆ ಇನ್ನೂ ನಡೆಯುತ್ತಿದೆಯೇ, ಈಗ ಅರ್ಜಿ ತೆರೆದಿದೆಯೇ ಎಂದು ಅಲ್ಲೇ ವಿಚಾರಿಸಿ.

ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ, ಕೈಗೆ ಬರುವ ನಗದಲ್ಲ. ನಿಮ್ಮ ಪಾಲು ಕನಿಷ್ಠ 10 ಪ್ರತಿಶತ ಇರಬೇಕು, ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಕೂತು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅರ್ಜಿ ತುಂಬಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ.

ತರಬೇತಿ ಎಲ್ಲಿ?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಬೇಕರಿ ತರಬೇತಿ ಘಟಕ, ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ). 1950ರಿಂದ ಇರುವ ಮೈಸೂರಿನ ಸಂಸ್ಥೆ ತಂತ್ರಜ್ಞಾನವನ್ನೂ ಶುಲ್ಕಕ್ಕೆ ಕೊಡುತ್ತದೆ. ತರಬೇತಿಗೆ ಸಂಘದ ಅಧ್ಯಕ್ಷರನ್ನು ಕಳಿಸಬೇಡಿ, ಒಲೆಯ ಮುಂದೆ ನಿಲ್ಲುವವರನ್ನು ಕಳಿಸಿ.

ಸಂಘ ಸಾಕೇ, ಕಂಪನಿ ಮಾಡಬೇಕೇ?

ಹತ್ತು ಜನ ರೈತರು ಸೇರಿದರೆ ಉತ್ಪಾದಕರ ಕಂಪನಿ ನೋಂದಾಯಿಸಬಹುದು. ಆದರೆ ಲೆಕ್ಕಪರಿಶೋಧನೆ, ವಾರ್ಷಿಕ ವರದಿ ತಪ್ಪಿದರೆ ದಂಡ. ತಿಂಗಳಿಗೆ ಸಾವಿರ ಪೊಟ್ಟಣ ಹೋಗುವವರೆಗೆ ಸಂಘವೇ ಸಾಕು.

ನಿಮ್ಮನ್ನು ಕಾಣಲು ಬರುವಾಗ ಏನು ತರಬೇಕು?

ಯೋಜನಾ ವರದಿ ಬೇಡ, ಹಾರವೂ ಬೇಡ. ಒಂದೇ ತಿನಿಸನ್ನು ಎರಡು ಬೇರೆ ಬೇರೆ ವಾರಗಳಲ್ಲಿ ಮಾಡಿ, ಎರಡು ಪೊಟ್ಟಣ ಕಟ್ಟಿ ತನ್ನಿ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಮೇಲೆ ಬರೆಯಬೇಡಿ. ನಾವು ತಿಂದು ಹೇಳುತ್ತೇವೆ. ನಮಗೆ ಗೊತ್ತಾಗದಿದ್ದರೆ ಅಂಗಡಿ ಹುಡುಕೋಣ. ಗೊತ್ತಾದರೆ ಚಹಾ ಕುಡಿದು, ಎರಡು ವಾರಗಳಲ್ಲಿ ನೀರು, ಬೆಂಕಿ, ಕೈ ಯಾವುದು ಬದಲಾಯಿತು ಎಂದು ಕೂತು ಮಾತಾಡೋಣ.